ಖಾಲಿ ಬಾಟ್ಲಿ, ಖಾರದ ಕೈ

ಬಾಟ್ಲಿ ಖಾಲಿ ಬಂದ್ರ ನಂಗ ಭಾಳ ಖುಷಿ ಆಗ್ತಿತ್ತು. ಮುಂಜಾನಿ ತುಂಬಿ ಕೊಟ್ಟ ನೀರಿನ ಬಾಟ್ಲಿ ಸಂಜಿಗೆ ಖಾಲಿ ವಾಪಸ್ ಬಂತು ಅಂದ್ರ ಹೆಣ್ಮಕ್ಳು ನೀರು ಕುಡುದ್ರು ಅಂತ ಅರ್ಥ. ಕುಡುದ್ರು ಅಂದ್ರ ನಮ್ಮ ಸ್ಟಡಿ ಬರೋಬ್ಬರಿ ನಡ್ಯಾಕತ್ತದ ಅಂತ ಅರ್ಥ. ಹಿಂಗ ಅನ್ಕೊಂಡು ನಾ ಟಂಟಂ ಆಟೋದಾಗ ಖಾಲಿ ಬಾಟ್ಲಿ ಚೀಲ ತೊಡಿ ಮ್ಯಾಲ ಇಟ್ಕೊಂಡು, ಹಾಡು ಹೇಳ್ಕೋತ ದೇವದುರ್ಗಕ್ಕ ವಾಪಸ್ ಬರ್ತಿದ್ನಿ.

ಸ್ಟಡಿ ಅಂದ್ರ ಏನು ಅಂತ ಮೊದ್ಲು ಹೇಳಿಬಿಡ್ತೀನಿ, ಇಲ್ಲಾಂದ್ರ ಮುಂದಿನ ಮಜಾ ತಿಳಿಯಂಗಿಲ್ಲ. ರಾಯಚೂರಾಗ ನಾ ಕೆಲಸ ಮಾಡೋ ಆಸ್ಪತ್ರ್ಯಾಗ ಒಬ್ರು ಕಿಡ್ನಿ ಡಾಕ್ಟ್ರು ಅದಾರ. ಹೊಲ್ದಾಗ ದುಡಿಯೋ ಹೆಣ್ಮಕ್ಳು ಕಿಡ್ನಿ ತ್ರಾಸು ಅಂತ ಬರೋದು ನೋಡಿ ನೋಡಿ ಅವ್ರಿಗೆ ತಲಿ ಕೆಟ್ಟಿತ್ತು. ಶುಗರ್ ಇಲ್ಲ, ಬಿಪಿ ಇಲ್ಲ, ಆದ್ರೂ ಕಿಡ್ನಿ ಸೊರಗ್ಯಾವ. ನಮ್ಮ ಬಿಸಿಲೇ ಕಾರಣ ಏನು? ಬಿಸಿಲಾಗ ಉಪ್ಪು-ಸಕ್ರಿ ನೀರು ಕೊಟ್ಟು, ನಡುನಡುವ ನೆಳ್ಳಾಗ ಕುಂದ್ರಿಸಿದ್ರ ಕಿಡ್ನಿ ಉಳಿತಾವೇನು? ಇದು ಪ್ರಶ್ನಿ. ಉತ್ರ ಬೇಕಂದ್ರ ಕೆಲವು ಕೂಲಿ ಗುಂಪಿಗೆ ನೀರು, ವಿಶ್ರಾಂತಿ ಕೊಡೋದು, ಕೆಲವು ಗುಂಪು ದಿನದಂಗ ದುಡೀಲಿ ಅಂತ ಬಿಡೋದು, ಎರಡೂ ಕಡಿ ರಕ್ತ ಮತ್ತ ಮೂತ್ರ ಪರೀಕ್ಷಾ ಮಾಡ್ಕೋತ ಹೋಗೋದು. ಇದಕ್ಕ ಕ್ಲಿನಿಕಲ್ ರಿಸರ್ಚ್ ಅಂತಾರ. ನಾ ಇದನ್ನ ಯಾವ ಕಾಲೇಜಿನ್ಯಾಗೂ ಕಲ್ತಿಲ್ಲ. ಮೊಬೈಲ್‌ನಾಗ ಫ್ರೀ ಕೋರ್ಸ್ ನೋಡಿ ಹುಚ್ಚು ಹಿಡಿಸ್ಕೊಂಡು, ಡಾಕ್ಟ್ರ ಬಾಗ್ಲಿಗೆ ಹೋಗಿ ನಿಂತು ನೌಕರಿ ತಗೊಂಡಾಕಿ.

ನೀರಿನ ಗುಂಪು ದೇವದುರ್ಗ ತಾಲೂಕಿನಾಗ, ಕೃಷ್ಣಾ ದಂಡಿ ಗೂಗಲ್ ಊರಿನ ಕಡಿ ಒಂದು ಹಳ್ಳ್ಯಾಗ. ದಿನದಂಗ ದುಡಿಯೋ ಗುಂಪು ಮಾನ್ವಿ ಕಡಿ, ಕವಿತಾಳ ಹಾದಿ ಮ್ಯಾಲ. ಎರಡೂ ಕಡಿ ಆಗ ಮೆಣಸಿನ್ಕಾಯಿ ಬಿಡಿಸೋ ಸುಗ್ಗಿ. ಕೆಂಪಗ ಹಣ್ಣಾದ ಕಾಯಿ ಬರಿಗೈಲೆ ಬಿಡಿಸಿ ಉಡಿಗೆ ಹಾಕ್ಕೊಂಡು, ಉಡಿ ತುಂಬಿದ್ ಮ್ಯಾಲ ಚೀಲಕ್ಕ ಸುರಿಯೋದು. ಬಿಸಿಲು ಅಂದ್ರ ನಮ್ಮ ಬಿಸಿಲು, ನಾ ಏನ್ ಹೇಳ್ಲಿ.

ನಂದು ಕೆಲಸ ಇಷ್ಟು. ಮುಂಜಾನಿ ನಿಂಬಿಹಣ್ಣಿನ ವಾಸನಿ ಇರೋ ಉಪ್ಪು-ಸಕ್ರಿ ಪುಡಿ ಕಲಸಿದ ಬಾಟ್ಲಿ ಹಂಚೋದು, ನಡುನಡುವ ನೆಳ್ಳಾಗ ಕುಂದ್ರಾಕ ದೊಡ್ಡ ಛತ್ರಿ ಕೊಟ್ಟು ಬರೋದು. ಸಂಜಿಗೆ ಖಾಲಿ ಬಾಟ್ಲಿ ತಗೊಳ್ಳೋದು. ಅವ್ರು ಹೊಲದಿಂದ ಮನಿಗೆ ಬಂದ್ ಮ್ಯಾಲ ಎಲ್ಲಾರ ಮೂತ್ರದ ಮಾದರಿ ಸಣ್ಣ ಡಬ್ಬ್ಯಾಗ ತಗೊಂಡು, ಅದ್ರಾಗ ಒಂದು ಹನಿ ದುರ್ಬೀನಿನಂಥ ಒಂದು ಸಣ್ಣ ಯಂತ್ರದ ಗಾಜಿನ ಮ್ಯಾಲ ಬಿಟ್ಟು, ಬೆಳಕಿಗೆ ಹಿಡಿದು ನೋಡೋದು. ಒಳಗ ನೀಲಿ ಗೆರಿ ಕಾಣ್ತದ. ಗೆರಿ ಮ್ಯಾಲ ಏರಿದ್ರ ಮೈಯಾಗ ನೀರು ಕಮ್ಮಿ, ಕೆಳಗಿದ್ರ ನೀರು ಬರೋಬ್ಬರಿ ಅದ.

ಗೆರಿ ಕೆಳಗ ಇಳೀಲೇ ಇಲ್ಲ. ಬಾಟ್ಲಿ ಖಾಲಿ, ಗೆರಿ ಮ್ಯಾಲೆ. ಕವಿತಾಳ ಹಾದಿಯ ಗುಂಪಿನ್ಯಾಗೂ ಅಷ್ಟೇ ಮ್ಯಾಲ, ನನ್ನ ಗುಂಪಿನ್ಯಾಗೂ ಅಷ್ಟೇ ಮ್ಯಾಲ. ಯಂತ್ರ ಕೆಟ್ಟದೇನು ಅಂತ ಬರೇ ಶುದ್ಧ ನೀರಿನ ಹನಿ ಹಾಕಿ ನೋಡಿದ್ನಿ. ಗೆರಿ ಸೊನ್ನಿ ಮ್ಯಾಲ ಸುಮ್ಮನ ಕುಂತಿತ್ತು. ಯಂತ್ರ ಛಲೋ ಅದ. ಬ್ಯಾರೆ ಏನೋ ಕೆಟ್ಟದ.

ಅಷ್ಟ್ರಾಗ ಬೆಂಗಳೂರಿಂದ ಮಾನಿಟರ್ ಮೇಡಂ ಬಂದ್ರು. ಮಾನಿಟರ್ ಅಂದ್ರ ಸ್ಟಡಿ ಖರೇ ನಡದದೋ, ಕಾಗದದ ಮ್ಯಾಲ ನಡದದೋ ಅಂತ ತಾಳೆ ಹಾಕಿ ನೋಡೋರು. ನೋಡಿದ್ರು. ಕನ್ನಡ್ಕ ತಗದ್ರು.

“ನೋಡಮ್ಮ, ಬಾಟ್ಲಿ ಒಂದು ಹೇಳತ್ತೆ, ಮೂತ್ರ ಇನ್ನೊಂದು ಹೇಳತ್ತೆ. ಎರಡರಲ್ಲಿ ಒಂದು ಸುಳ್ಳು. ನಾನು ಮುಂದಿನ ಸಲ ಬಂದಾಗ್ಲೂ ಹಿಂಗೇ ಇದ್ರೆ ಈ ಊರನ್ನ ಸ್ಟಡಿಯಿಂದ ತೆಗೀಬೇಕಾಗತ್ತೆ.”

ನಂಗ ಹೆದ್ರಿಕಿ ಆತು. ನನ್ನ ನೌಕರಿ ಹೋಗ್ತದ ಅಂತಲ್ಲ. ಆ ಗುಂಪಿನ್ಯಾಗ ಒಬ್ಬಾಕಿ ಹೊಸಾ ಸೊಸಿ ಇದ್ಲು, ಮದುವ್ಯಾಗಿ ಇನ್ನಾ ಕಾಲಿನ ಕಾಲುಂಗ್ರ ಹೊಳೀತಿದ್ವು. ಮೊದಲ್ನೇ ರಕ್ತ ಪರೀಕ್ಷಾದಾಗೇ ಆಕಿ ಕ್ರಿಯಾಟಿನಿನ್ ಸ್ವಲ್ಪ ಏರಿತ್ತು, ಅಂದ್ರ ಕಿಡ್ನಿ ದಣದಾವ ಅಂತ ಲೆಕ್ಕ. ಜೊತಿಗೆ ಉರಿಮೂತ್ರದ ಸೋಂಕು. ಡಾಕ್ಟ್ರು ಗುಳಗಿ ಕೊಟ್ಟು, “ಇಷ್ಟಕ್ಕ ಹಿಡುದ್ರ ಸುಧಾರಿಸ್ತದ. ಬಿಡಬ್ಯಾಡ್ರಿ, ಮತ್ತ ಮತ್ತ ನೋಡ್ಬೇಕು” ಅಂದಿದ್ರು. ಸ್ಟಡಿ ಅದ ಅಂತ ನಾವು ಅವರ ಹೊಲಕ್ಕೇ ಹೋಗಿ ರಕ್ತ ತಗೀತೀವಿ. ಸ್ಟಡಿ ಎದ್ದು ಹೋದ್ರ? ಆಕಿ ಕೂಲಿ ಬಿಟ್ಟು, ಎರಡು ಬಸ್ಸು ಬದ್ಲಿಸಿ, ಮೈಯಾಗ ಏನೂ ನೋವಿಲ್ಲದಾಗ ರಾಯಚೂರಿಗೆ ಬರ್ತಾಳಾ? ಬರಂಗಿಲ್ಲ. ಮುಂದ ಬರೋದು ನೋವು ಬಂದ್ ಮ್ಯಾಲೇ. ಆಗ ಡಾಕ್ಟ್ರ ಕೈಯಾಗ ಹೆಚ್ಚೇನೂ ಇರಂಗಿಲ್ಲ.

ನಾ ಒಂದು ಉಪಾಯ ಮಾಡಿದ್ನಿ. ದಿನಾ ಅವರ ಜೊತಿಗೇ ಇರೋದು, ಅವರ ಮುಂದ ನಾನೂ ಕುಡಿಯೋದು, ನನ್ನ ನೋಡಿ ಅವ್ರೂ ಕುಡೀತಾರ. ಕೋರ್ಸ್‌ನಾಗ ಹೇಳಿದ್ರಲ್ಲ, ಮಂದಿ ಜೊತಿ ಬೆರೀಬೇಕಂತ!

ಗುಂಪಿಗೆ ಹಿರೇಕಿ ಒಬ್ಬಾಕಿ ಅದಾಳ, ಆ ಹೊಸಾ ಸೊಸಿಯ ಅತ್ತಿ. ಎಲ್ರೂ ಆಕಿಗೆ ದೊಡ್ಡವ್ವ ಅಂತಾರ, ನಾನೂ ಹಂಗೇ ಅಂತೀನಿ. ನಾ ಸೀರಿ ಮ್ಯಾಲ ಗಂಡಸ್ರ ಅಂಗಿ ತೊಟ್ಟು, ತಲಿಗೆ ಟವೆಲ್ ಕಟ್ಕೊಂಡು ಹೋಗಿದ್ದು ನೋಡಿ ಆಕಿ ಹೊಟ್ಟಿ ಹಿಡ್ಕೊಂಡು ನಕ್ಕಳು.

“ಬಂದ್ಳು ನೋಡ್ರೇ ಮೇಡಮ್ಮು! ಇವತ್ತು ಮಾಲೀಕನ ಮೆಣಸಿನ್ಕಾಯಿಗೆ ದೃಷ್ಟಿ ಆಗಂಗಿಲ್ಲ.”

“ನಗಬ್ಯಾಡ ದೊಡ್ಡವ್ವಾ. ಒಂದು ಸಾಲು ನಂಗೂ ಕೊಡು.”

“ಕೊಡ್ತೀನಿ. ಹಿಂದ ಬಿದ್ರ ಮಾತ್ರ ನಿನ್ ಸಾಲು ಯಾರೂ ಹಿಡಿಯಂಗಿಲ್ಲ ಮತ್ತ.”

ಬಿಡಿಸಿದ್ನಿ. ನಡುನಡುವ ಎಲ್ರಿಗೂ ಕಾಣಂಗ ಬಾಟ್ಲಿ ಎತ್ತಿ ಗಟಗಟ ಕುಡುದ್ನಿ. “ನೋಡ್ರವ್ವಾ, ಹಿಂಗ್ ಕುಡೀಬೇಕು!” ಅವ್ರು “ಹ್ಞೂಂ ಬಾ, ಕುಡೀತೀವಿ” ಅಂತಾರ, ಒಬ್ಬಾಕಿ ಮುಖ ಇನ್ನೊಬ್ಬಾಕಿ ನೋಡ್ತಾರ, ತುಟಿ ಮುಚ್ಕೊಂಡು ನಗ್ತಾರ. ನಾ ಎರಡನೇ ಬಾಟ್ಲಿ ಮುಗಿಸಿದ್ನಿ. ಹುಮ್ಮಸ್ಸು ನೋಡ್ರಿ ನಂದು.

ಮಧ್ಯಾನ ಆಗೋ ಹೊತ್ತಿಗೆ ಒಂದಕ್ಕ ಬಂತು. ಸುತ್ತ ನೋಡಿದ್ನಿ. ಎರಿ ಹೊಲ, ಅಂಗೈ ಇದ್ದಂಗ ಸಪಾಟ. ಮೆಣಸಿನ ಗಿಡ ಮೊಳಕಾಲ ತನಕ. ಮರ ಅಂದ್ರ ದೂರ ಕಾಲುವಿ ಕಡಿ ಒಂದು ಜಾಲಿ ಕಂಟಿ, ಅದ್ರ ಬಗಲಿಗೇ ಹಾದಿ. ಹಾದ್ಯಾಗ ಒಂದು ಟ್ರ್ಯಾಕ್ಟರ್ ಹೋತು, ಅದ್ರ ಹಿಂದ ಒಂದು ಬೈಕು, ಬೈಕ್ ಹಿಂದ ಮತ್ತೊಂದು. ತಡಕೊಂಡ್ನಿ. ತಡ್ಯಾಕ ಆಗ್ಲಿಲ್ಲ. ಓಡಿದ್ನಿ. ಕಂಟಿ ಹಿಂದ ಕುಂತ್ನಿ. ಆಮ್ಯಾಲ ಬಾಟ್ಲ್ಯಾಗ ಉಳದ ನೀರಿಲೆ ತೊಳ್ಕೊಂಡ್ನಿ. ಮುಂಜಾನಿಯಿಂದ ಕೆಂಪು ಮೆಣಸಿನ್ಕಾಯಿ ಬಿಡಿಸಿದ ಕೈಲೆ.

ಮುಂದಿಂದು ಬರಿಯಂಗಿಲ್ಲ. ನಾ ಚೀರಿದ್ದು ಗೂಗಲ್ ಗುಡಿ ತನಕ ಕೇಳಿರ್ಬೇಕು.

ವಾಪಸ್ ಬಂದಾಗ ಗುಂಪು ಗುಂಪೇ ಬದುವಿನ ಮ್ಯಾಲ ಉಳ್ಳಾಡಿ ನಗಾಕತ್ತಿತ್ತು. ನಂಗ ಅಳು, ಅವ್ರಿಗೆ ನಗು. ದೊಡ್ಡವ್ವ ಕಣ್ಣೊರಸ್ಕೊಂಡು ಹತ್ರ ಬಂದ್ಲು.

“ಈಗ ತಿಳೀತೇನಬೇ ನಾವು ಯಾಕ ಕುಡಿಯಂಗಿಲ್ಲ ಅಂತ? ಕುಡುದ್ರ ಹೋಗ್ಬೇಕು. ಹೋಗಾಕ ಅಡ್ಡ ಇಲ್ಲ, ಮರೀ ಇಲ್ಲ. ಮರೀ ಸಿಕ್ಕರೂ ಈ ಕೈ ತಗೊಂಡು ಹೋದ್ರ ನಿನ್ ಗತೀನ.”

“ಮತ್ತ ಬಾಟ್ಲಿ ಖಾಲಿ ಆಗ್ತಾವಲ್ಲ ದೊಡ್ಡವ್ವಾ?”

ಮತ್ತ ನಗು. ಹೊಸಾ ಸೊಸಿ ಸೆರಗು ಬಾಯಿಗೆ ಇಟ್ಕೊಂಡು ಹೇಳಿದ್ಲು, “ಯಕ್ಕಾ, ಸಂಜಿಗೆ ಕೈ ತೊಳ್ಕೋತೀವಿ. ನಿಮ್ಮ ನೀರು ನಿಂಬಿಹಣ್ಣಿನ ವಾಸನಿ ಬರ್ತದಲ್ಲ, ಉರಿ ಹೋಗ್ತದಂತ.”

“ಹೋಗ್ತದಾ?”

“ಎಲ್ಲಿ ಹೋಗ್ತದ. ಕೈ ಅಂಟಂಟಾಗ್ತದ ಅಷ್ಟೇ. ಆದ್ರ ನೀವು ಪ್ರೀತಿಲೆ ಕೊಡ್ತೀರಿ, ತುಂಬಿದ ಬಾಟ್ಲಿ ಹೆಂಗ ವಾಪಸ್ ಕೊಡೋದು ಅಂತ…”

ನಾ ಬದುವಿನ ಮ್ಯಾಲ ಕುಂತುಬಿಟ್ನಿ. ನಂಗ ಬ್ಯಾಸರ ಆಗಬಾರ್ದು ಅಂತ ಇವ್ರು ಬಾಟ್ಲಿ ಖಾಲಿ ಮಾಡಿ ಕೊಡಾಕತ್ಯಾರ! ಸಿಟ್ಟು ಮಾಡೋದೋ, ಅಪ್ಪಿಕೊಳ್ಳೋದೋ ತಿಳೀಲಿಲ್ಲ. ಉರಿ ಬ್ಯಾರೆ. ಕಡೀಕ ದೊಡ್ಡವ್ವ ತನ್ನ ಬುತ್ತಿ ಗಂಟಿನ ಮಜ್ಜಿಗಿ ಕೊಟ್ಟು, “ಹೋಗು, ಇದ್ರಲೆ ತೊಳ್ಕೊ” ಅಂದ್ಲು. ತೊಳ್ಕೊಂಡ್ನಿ. ಹಾಯ್ ಅನಿಸ್ತು. ಆಗ ತಲ್ಯಾಗ ಹುಳ ಹೊಕ್ತು.

ಖಾರದ ಅಂಶ ನೀರಿನ್ಯಾಗ ಕರಗಂಗಿಲ್ಲ, ಎಣ್ಣಿ ಅಂಶದಾಗ ಕರಗ್ತದ. ಇದು ಓದಿದ್ದು ನೆನಪಾತು. ಹಂಗಾದ್ರ ಮೊದ್ಲು ಎಣ್ಣಿ ತಿಕ್ಕಿ, ಆಮ್ಯಾಲ ಸಾಬೂನು ಹಚ್ಚಿದ್ರ? ಮರುದಿನ ಶೇಂಗಾ ಎಣ್ಣಿ, ಸಾಬೂನು, ಮಜ್ಜಿಗಿ ಎಲ್ಲಾ ಹೊತ್ಕೊಂಡು ಹೋದ್ನಿ. ಊಟದ ಹೊತ್ತಿನ್ಯಾಗ ನಂದೇ ಕೈ ಮ್ಯಾಲ ಪರೀಕ್ಷಾ ಶುರು ಮಾಡಿದ್ನಿ. ಎಡಗೈಗೆ ಬರೇ ಸಾಬೂನು, ಬಲಗೈಗೆ ಎಣ್ಣಿ ಆಮ್ಯಾಲ ಸಾಬೂನು, ತೊಳದ ಬೆರಳು ತುಟಿಗೆ ಮುಟ್ಟಿಸಿ ನೋಡೋದು. ಹೆಣ್ಮಕ್ಳು ಸುಮ್ನ ಇರ್ತಾರಾ? “ನಮ್ ಕೈನೂ ಹಚ್ಚಬೇ” ಅಂತ ಎಲ್ರೂ ಬಂದ್ರು. ಒಬ್ಬಾಕಿ ಎಡಗೈಗೆ ಮಜ್ಜಿಗಿ, ಇನ್ನೊಬ್ಬಾಕಿ ಬಲಗೈಗೆ ಎಣ್ಣಿ. ಬೆರಳು ತುಟಿಗೆ ಮುಟ್ಟಿಸಿದ ಕೂಡ್ಲೆ ಒಬ್ಬಾಕಿ “ಸ್ಸ್ ಹಾ ಹಾ” ಅಂತಾಳ, ಇನ್ನೊಬ್ಬಾಕಿ “ಏನೂ ಇಲ್ಲಬೇ, ಸಪ್ಪಗದ” ಅಂತಾಳ. ದೊಡ್ಡವ್ವ ನ್ಯಾಯಾಧೀಶನಂಗ ನಡುವ ಕುಂತು, “ಏ, ನೀ ಸುಳ್ಳು ಹೇಳಬ್ಯಾಡ, ಕಣ್ಣಾಗ ನೀರು ಬಂದಾವ” ಅಂತ ಜೋರು ಮಾಡ್ತಾಳ. ಎಣ್ಣಿ-ಸಾಬೂನು ಗೆದ್ತು. ಮಜ್ಜಿಗಿ ಎರಡನೇದು. ಆ ಊಟದ ಹೊತ್ತು ನಾ ಎಂದೂ ಮರಿಯಂಗಿಲ್ಲ. ರಿಸರ್ಚ್ ಅಂದ್ರ ಏನು ಅಂತ ಅವ್ರಿಗೆ ನಾ ಎಷ್ಟ್ ಸಲ ಹೇಳಿದ್ರೂ ತಿಳಿದಿರಲಿಲ್ಲ. ಅವತ್ತು ನಾ ಹೇಳದೇನೇ ತಿಳೀತು.

ಈಗ ಕಷ್ಟದ ಕೆಲಸ. ಡಾಕ್ಟ್ರಿಗೆ ಹೇಳ್ಬೇಕು. ಗಂಡಸ್ರು, ಹಿರೇರು. ಈ ಮಾತು ಅವ್ರ ಮುಂದ ಹೆಂಗ ಆಡೋದು? ಮತ್ತ ಇನ್ನೊಂದು, ಇಷ್ಟು ದಿನ ಬರ್ಕೊಂಡ “ಕುಡುದ್ರು, ಕುಡುದ್ರು” ಎಲ್ಲಾ ಸುಳ್ಳು ಅಂತ ಒಪ್ಕೊಂಡ್ರ ಊರು ಅಲ್ಲೇ ಹೋಗ್ತದೇನೋ. ಲ್ಯಾಬ್ ನಡಸೋ ಅಣ್ಣಾರು ಒಂದು ಹಾದಿ ತೋರಿಸಿದ್ರು. “ತಂಗಿ, ನಿನ್ ಮುಂದೇ ನಿಂತು ಕುಡೀರಿ ಅನ್ನು. ಗೆರಿ ಕೆಳಗ ಇಳೀತದ. ಹಳೇದು ಯಾರು ಕೇಳ್ತಾರ?”

ಖರೇ, ಇಳೀತಿತ್ತು. ಊರೂ ಉಳೀತಿತ್ತು. ಆದ್ರ ಕುಡದ ಮ್ಯಾಲ ಅವ್ರು ಎಲ್ಲಿ ಹೋಗ್ಬೇಕು? ಆ ಜಾಲಿ ಕಂಟಿ ಹಿಂದ, ಆ ಕೈಲೆ? ತಡಕೊಂಡು ತಡಕೊಂಡೇ ಸೋಂಕು ಬರೋದು ಅಂತ ಆ ಸೊಸಿ ನೋಡಿ ಗೊತ್ತಾಗಿತ್ತಲ್ಲ. ನಾ ಹೋಗಿ ಎಲ್ಲಾ ಹೇಳಿಬಿಟ್ನಿ, ನನ್ನ ಜಾಲಿ ಕಂಟಿ ಕಥಿ ಸೈತ.

ಡಾಕ್ಟ್ರು ಮೊದ್ಲು ನಕ್ಕರು. ಆಮ್ಯಾಲ ನಗು ಬಿಟ್ಟು ಅಂದ್ರು,

“ನೀರು ಕುಡೀರಿ, ನೀರು ಕುಡೀರಿ ಅಂತ ದಿನಾ ಬರ್ದು ಕೊಡ್ತೀನವ್ವಾ. ಎಲ್ಲಿ ಹೋಗ್ತೀರಿ ಅಂತ ಒಬ್ರಿಗೂ ಕೇಳಿಲ್ಲ ನೋಡು.”

ನೀರು ಹಂಚೋದು ಅವತ್ತೇ ನಿಲ್ಲಿಸಿದ್ವಿ. ಹಿಂಗಿಂಗ ಆಗೇದ, ನಮ್ಮ ಲೆಕ್ಕ ತಪ್ಪು, ಅಂತ ಎಥಿಕ್ಸ್ ಕಮಿಟಿಗೆ ಬರ್ದ್ವಿ. ಎಥಿಕ್ಸ್ ಕಮಿಟಿ ಅಂದ್ರ ಸ್ಟಡಿ ಹೆಸರಿಲೆ ಮಂದಿಗೆ ಅನ್ಯಾಯ ಆಗಬಾರ್ದು ಅಂತ ನೋಡೋ ಹಿರೇರ ಸಮಿತಿ. ಹೊಲಕ್ಕ ಒಂದು ಎತ್ಕೊಂಡು ಹೋಗೋ ಮರಿ, ಅಂದ್ರ ಒಂದಕ್ಕ ಕುಂದ್ರಾಕ ಸುತ್ತ ಪರದಿ, ಮತ್ತ ಎಣ್ಣಿ-ಸಾಬೂನಿನ ಡಬ್ಬಿ ಕೊಡಾಕ ಒಪ್ಪಿಗಿ ಕೇಳಿದ್ವಿ. ಸಮಿತ್ಯಾಗ ಒಬ್ರು ಹಿರೇ ವಕೀಲ್ರು ಒಂದೇ ಮಾತು ಕೇಳಿದ್ರು: “ನೀರಿನ ಗುಂಪಿಗೆ ಮರಿ ಕೊಡ್ತೀರಿ, ಮಾನ್ವಿ ಕಡಿ ಗುಂಪಿನವ್ರು ಹೆಣ್ಮಕ್ಳಲ್ಲೇನು?”

ನಂಗ ಹೊಳದೇ ಇರಲಿಲ್ಲ. ಡಾಕ್ಟ್ರು ಅಲ್ಲೇ ಒಪ್ಪಿದ್ರು. ಮರಿ ಎರಡೂ ಕಡಿಗೆ, ನೀರು-ವಿಶ್ರಾಂತಿ ಒಂದು ಕಡಿಗೆ. ಲೆಕ್ಕಾನೂ ಶುದ್ಧ ಆತು, ಯಾಕಂದ್ರ ಮರಿ ಎರಡೂ ಕಡಿ ಇದ್ರ ಆಮ್ಯಾಲ ಕಾಣೋ ಫರಕ್ ಉಪ್ಪು-ಸಕ್ರಿ ನೀರಿಂದು ಮತ್ತ ನೆಳ್ಳಿಂದು ಅಂತ ಹೇಳ್ಬೋದು.

ಮರಿ ಮಾಡೋದು ಹಗುರ ಅನ್ಕೊಂಡಿದ್ವಿ. ಮೊದಲ್ನೇದು ಹಳೇ ಸೀರಿದು. ಬಿಸಿಲಿಗೆ ಹಿಡುದ್ರ ಒಳಗಿನಾಕಿ ನೆಳ್ಳು ಹೊರಗ ಬರೋಬ್ಬರಿ ಕಾಣ್ತದ! ದೊಡ್ಡವ್ವ, “ಇದು ಮರಿ ಅಲ್ಲಬೇ, ತೊಗಲುಗೊಂಬಿ ಆಟ” ಅಂದ್ಲು. ಎರಡನೇದು ಕೌದಿದು. ಎತ್ತಾಕ ನಾಕು ಮಂದಿ ಬೇಕು. ಮೂರನೇದಕ್ಕ ಖಾಲಿ ಗೊಬ್ಬರ ಚೀಲ ಬಿಚ್ಚಿ ಹೊಲದ್ರು, ಹಗುರ, ಒಳಗಿಂದು ಏನೂ ಕಾಣಂಗಿಲ್ಲ. ಗೂಟ ನೆಡಾಕ ಹೋದ್ರ ಎರಿ ನೆಲ ಬಿರಕ್ ಬಿಟ್ಟಿತ್ತು, ಗಾಳಿ ಬಂದ ಕೂಡ್ಲೆ ಬಿತ್ತು, ಪುಣ್ಯಾಕ ಒಳಗ ಯಾರೂ ಇರಲಿಲ್ಲ. ಕಡೀಕ ಪ್ಲಾಸ್ಟಿಕ್ ಪೈಪಿಲೆ ಹೊರಸಿನಂಗ ಚೌಕಟ್ಟು ಮಾಡಿ ಕಟ್ಟಿದ್ವಿ, ಮ್ಯಾಲ ತೆರದದ್ದು. ಇಬ್ರು ಹಿಡಕೊಂಡ್ರ ಸಾಲಿನ ಜೊತಿಗೇ ಮುಂದ ಹೋಗ್ತದ. ಒಂದು ಕುರ್ಚಗಿ, ತೋಡಾಕ ಮತ್ತ ಮುಚ್ಚಾಕ. ಬಾಗ್ಲಿಗೆ ಎಣ್ಣಿ ಬಾಟ್ಲಿ, ಸಾಬೂನು, ಕೊಡ ನೀರು.

ಹೊಲದ ಮಾಲೀಕ ಬಂದು ನೋಡಿ, “ಏನ್ರೀ ಇದು, ನನ್ನ ಹೊಲ್ದಾಗ ಸರ್ಕಸ್ ಹಾಕೀರಿ?” ಅಂದ. ದೊಡ್ಡವ್ವ ಕುರ್ಚಗಿ ಕೈಯಾಗ ಹಿಡಕೊಂಡೇ ಹೇಳಿದ್ಲು, “ಯಪ್ಪಾ, ಮುಂಚೆ ಹೊಟ್ಟಿ ಬಿಗಿ ಹಿಡ್ಕೊಂಡು ಬಿಡಿಸ್ತಿದ್ವಿ. ಈಗ ಬಿಡುವಾಗಿ ಬಿಡಿಸ್ತೀವಿ. ಸಂಜಿಗೆ ಚೀಲ ನೋಡಿ ಮಾತಾಡು.” ಆತ ಸಂಜಿಗೆ ಚೀಲ ನೋಡಿದ. ಮಾತಾಡ್ಲಿಲ್ಲ. ಮರುದಿನ ಒಂದು ಕೊಡ ನೀರು ಜಾಸ್ತಿ ತರಿಸಿದ.

ಮತ್ತ ನೀರು ಹಂಚಾಕ ಶುರು ಮಾಡಿದ್ವಿ. ಒಂದು ವಾರದಾಗ ಗೆರಿ ಇಳ್ಯಾಕ ಹತ್ತಿತು. ನಾ ಯಂತ್ರ ಬೆಳಕಿಗೆ ಹಿಡಿದು “ಇಳೀತು! ಇಳೀತು!” ಅಂತ ಕುಣುದ್ರ, ಹೆಣ್ಮಕ್ಳು ಸಾಲುಗಟ್ಟಿ “ನಂದೂ ತೋರ್ಸು, ನಂದೂ ತೋರ್ಸು” ಅಂತ ನಿಲ್ತಿದ್ರು. ತಮ್ಮ ಗೆರಿ ತಾವೇ ನೋಡಾಕ ಕಲ್ತ್ರು. ಯಾರದಾದ್ರೂ ಮ್ಯಾಲ ಇದ್ರ, “ಏ, ನೀ ನಿನ್ನೆ ಕುಡದಿಲ್ಲ ಹೌದಿಲ್ಲೋ?” ಅಂತ ಉಳದವ್ರೇ ಬೈತಿದ್ರು.

ಇದು ಆಸ್ಪತ್ರಿಗೂ ಬಂತು, ನೋಡ್ರಿ. ನಮ್ಮ ಡಾಕ್ಟ್ರು ಹೊರರೋಗಿ ವಿಭಾಗಕ್ಕ ಹೋಗಿ, ಮೂತ್ರದ ಮಾದರಿ ಕೊಡಾಕ ಹೆಣ್ಮಕ್ಳು ಎಲ್ಲಿ ಹೋಗ್ತಾರ ಅಂತ ಮೊದಲ್ನೇ ಸಲ ನಡದು ನೋಡಿದ್ರು. ಹೆಂಗಸ್ರ ಪಾಯಖಾನಿಗೆ ಕೀಲಿ, ಒಳಗ ಮುರುದ ಮಂಚ. ಮಂಚ ಹೊರಗ ಬಂದ್ವು. ಒಳಗ ಚಿಲಕ, ಬಕೆಟ್, ಬೆಳಕು ಬಂತು. ಸ್ಟಡಿಗೆ ಬೇಕಂತ ಲ್ಯಾಬಿನ ಅಣ್ಣಾರು ದಿನಾ ಮೊದ್ಲು ಉತ್ರ ಗೊತ್ತಿರೋ ಮಾದರಿ ಹಾಕಿ ಯಂತ್ರ ಪರೀಕ್ಷಾ ಮಾಡಿ, ಆಮ್ಯಾಲ ರೋಗಿಗಳ ರಕ್ತ ಹಾಕ್ತಾರ. ಈಗ ಸ್ಟಡ್ಯಾಗ ಇಲ್ಲದವ್ರ ರಿಪೋರ್ಟೂ ಹಂಗೇ ಬರ್ತದ. ನರ್ಸ್ ಅಕ್ಕಗೋಳು ಉರಿಮೂತ್ರ ಅಂತ ಬಂದಾಕಿಗೆ ಮೊದ್ಲು “ಏನ್ ಕೆಲಸ ಮಾಡ್ತೀವ್ವಾ? ಹೊಲ್ದಾಗ ಎಲ್ಲಿ ಹೋಗ್ತಿ?” ಅಂತ ಕೇಳ್ತಾರ. ಕಿಡ್ನಿ ಉಳಿತಾವೋ ಇಲ್ಲೋ ಅನ್ನೋ ದೊಡ್ಡ ಪ್ರಶ್ನಿಗೆ ಉತ್ರ ಇನ್ನಾ ಬಂದಿಲ್ಲ, ಬರಾಕ ಟೈಮ್ ಹಿಡೀತದ. ನಾ ಸುಳ್ಳು ಹೇಳಂಗಿಲ್ಲ. ಆದ್ರ ಉತ್ರ ಹುಡುಕೋ ಹಾದ್ಯಾಗೇ ಇಷ್ಟು ಸಿಕ್ತು.

ಹೊಸಾ ಸೊಸಿ ಸೋಂಕು ಹೋತು. ಮತ್ತೊಮ್ಮೆ ತಗದ ರಕ್ತದಾಗ ಕ್ರಿಯಾಟಿನಿನ್ ಇಳದಿತ್ತು. ಡಾಕ್ಟ್ರು ಫೋನಿನ್ಯಾಗ “ಛಲೋ ಅದ” ಅಂದಿದ್ದೇ ತಡ, ದೊಡ್ಡವ್ವ ನನ್ನ ಕೆನ್ನಿಗೆ ಎರಡೂ ಕೈ ಹಚ್ಚಿ ದೃಷ್ಟಿ ತಗದ್ಲು. ಕೈ ತೊಳ್ಕೊಂಡಿರಲಿಲ್ಲ. ಕೆನ್ನಿ ಸಂಜಿತನಕ ಉರೀತು, ಇರ್ಲಿ ಬಿಡ್ರಿ.

ಆದ್ರ “ಮತ್ತ ಮತ್ತ ನೋಡ್ಬೇಕು” ಅಂದಿದ್ರಲ್ಲ, ಅದಿನ್ನಾ ಬಾಕಿ ಇತ್ತು. ಮಾನಿಟರ್ ಮೇಡಂ ವಾಪಸ್ ಬಂದ್ರು. ರಾಯಚೂರಾಗ ಕಾಗದ ಎಲ್ಲಾ ನೋಡಿದ್ರು, ನಾವು ತಪ್ಪು ಒಪ್ಕೊಂಡು ಬರ್ದಿದ್ದು ಎರಡೆರಡು ಸಲ ಓದಿದ್ರು. ಊರು ಇಡ್ತೀನಿ ಅನ್ಲಿಲ್ಲ, ತೆಗೀತೀನಿ ಅನ್ಲಿಲ್ಲ. “ಹೊಲ ನೋಡ್ಬೇಕು” ಅಂದ್ರು. ಕಾರಿನ್ಯಾಗ ದೇವದುರ್ಗ ದಾಟಿ ಹೊಲಕ್ಕ ಹೋಗೋ ತನಕ ನಾ ಉಗುರು ಕಡಕೋತ ಕುಂತಿದ್ನಿ.

ಹೊಲ್ದಾಗ ಮೇಡಂ ಮರಿ ನೋಡಿದ್ರು, ಚೌಕಟ್ಟು ಅಳ್ಳಾಡಿಸಿ ನೋಡಿದ್ರು, ಎಲ್ರಿಗೂ ಒಂದೊಂದು ಪ್ರಶ್ನಿ ಕೇಳಿದ್ರು. ಬಿಸಿಲು ನೆತ್ತಿಗೆ ಬಂದಿತ್ತು. ಮೇಡಂ ತುಟಿ ಒಣಗಿ ಬೆಳ್ಳಗಾಗಿದ್ವು. ಕೈಯಾಗ ಅವ್ರದೇ ಬಾಟ್ಲಿ, ಮುಚ್ಚಳ ಸೈತ ಬಿಚ್ಚಿಲ್ಲ. ದೊಡ್ಡವ್ವನ ಕಣ್ಣು ಅದ್ರ ಮ್ಯಾಲ ಬಿತ್ತು.

“ಯಾಕ್ರಿ ಮೇಡಂ, ಮುಂಜಾನಿಯಿಂದ ನೀವು ಒಂದು ಗುಟುಕೂ ಕುಡಿದಂಗಿಲ್ಲ?”

 ಮೇಡಂ ಸುತ್ತ ನೋಡಿ, ಡ್ರೈವರ್ ದೂರ ಇದ್ದಾನ ಅಂತ ಖಾತ್ರಿ ಮಾಡ್ಕೊಂಡು, ಸಣ್ಣ ದನಿಲೆ ಅಂದ್ರು, “ದಾರೀಲಿ ಎಲ್ಲಿ ಹೋಗೋದು ಹೇಳಿ? ಕೆಲಸಕ್ಕೆ ಹೊರಗೆ ಬಂದ್ರೆ ನಾನು ಕುಡಿಯೋದೇ ಇಲ್ಲ. ಎಷ್ಟೋ ವರ್ಷದಿಂದ ಹಿಂಗೇ.”

 ದೊಡ್ಡವ್ವ ಕೈ ಮಾಡಿ ಮರಿ ತೋರಿಸಿದ್ಲು.

“ಕುಡೀರಿ. ಇಲ್ಲಿ ಚಿಂತಿಲ್ಲ.”

ಮೇಡಂ ಬಾಟ್ಲಿ ಮುಚ್ಚಳ ಬಿಚ್ಚಿದ್ರು. ನಿಂತಲ್ಲೇ ಅರ್ಧ ಬಾಟ್ಲಿ ಕುಡುದ್ರು. ಹೆಣ್ಮಕ್ಳು ಚಪ್ಪಾಳಿ ಹೊಡುದ್ರು, ಮೇಡಂ ನಾಚಿಕೊಂಡು ನಕ್ಕರು. ಸ್ವಲ್ಪ ಹೊತ್ತಿನ ಮ್ಯಾಲ ಮರಿ ಒಳಗ ಹೋಗಿ ಬಂದು, ಸೀರಿ ನೆರಿಗಿ ಸರಿ ಮಾಡ್ಕೋತ ನನ್ನ ಕಡಿ ತಿರುಗಿದ್ರು.

“ಊರು ಇರತ್ತೆ. ಇದರ ಉದ್ದ-ಅಗಲ ಎಲ್ಲಾ ಬರ್ದು ಕೊಡು. ನಂಗೆ ಇನ್ನೂ ಬೇರೆ ಜಿಲ್ಲೆ ಹೊಲಗಳೂ ಇವೆ.”

ನಾ ಖುಷಿಲೆ ಪೆನ್ನು ತಗದ್ನಿ. ದೊಡ್ಡವ್ವ ಮಾತ್ರ ಅಡ್ಡ ಬಂದ್ಲು.

“ಬರ್ದು ಕೊಟ್ರ ಅವ್ರು ಮತ್ತ ಸೀರಿದೇ ಹೊಲೀತಾರ್ರೀ. ಸುಗ್ಗಿ ಮುಗೀಲಿ, ನಾವೇ ಬಂದು ಹೊಲದು ಕೊಡ್ತೀವಿ. ನನ್ ಸೊಸಿ ಹೊಲಿಗಿ ಚಂದದ, ಈಗ ಆಕಿ ಗಟ್ಟಿನೂ ಅದಾಳ.”